ಅವ್ವನ ಚೊಂಬು, ಸೋರದ ದೋಣಿ

ಗ್ರೈಂಡರ್ ಇಟ್ಟ ಕೂಡಲೇ ದೋಣಿಯ ತಳದಿಂದ ಕಪ್ಪು ಹೊಗೆ ಎದ್ದಿತು. ಬಾಷಾ ಮಷೀನ್ ನಿಲ್ಲಿಸಿ, ಬೆರಳಿನಿಂದ ಒರೆಸಿ, ಮೂಸಿ ನೋಡಿದ.

"ಡಾಂಬರ್ ಐತಲ್ರಿ ಸರ್. ಫೈಬರ್ ದೋಣಿಗೆ ಯಾರ್ ಹಚ್ಚಿದ್ರು ಇದನ್ನ?"

ಅಪ್ಪ, ಎಂದೆ.

ಬಾಷಾ ಹೊಸಪೇಟೆಯಲ್ಲಿ ಕಾರಿನ ಬಂಪರ್, ನೀರಿನ ಟ್ಯಾಂಕ್ ರಿಪೇರಿ ಮಾಡುವವನು. ಮೋಟರ್ ಬೋಟ್ ಅವನಿಗೂ ಹೊಸತು.

ಅಪ್ಪ ಹೊಳೆದಂಡೆಯ ಬುಕ್ಕಸಾಗರದವನು, ಹರಿಗೋಲಿನಲ್ಲೇ ಬೆಳೆದವನು. ಹರಿಗೋಲು ಸೋರಿದರೆ ಡಾಂಬರು ಬಳಿಯುವುದು ಅಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ.

ಮುಂದೆ ಡ್ಯಾಮಿನ ಹಿನ್ನೀರಿನಲ್ಲಿ ಮೀನಿನ ಬುಟ್ಟಿ ಸಾಗಿಸಲು ಈ ಫೈಬರ್ ಬೋಟ್ ಕೊಂಡಾಗಲೂ ಅದೇ ಔಷಧ. ಪ್ರತಿ ಬೇಸಿಗೆ ದೋಣಿ ಮಗುಚಿ, ಡಾಂಬರು ಕಾಯಿಸಿ ಬಳಿಯುತ್ತಿದ್ದ. ಫೈಬರ್ ಅದನ್ನು ಹಿಡಿದುಕೊಳ್ಳುವುದಿಲ್ಲ. ಮತ್ತೆ ಸೋರುತ್ತಿತ್ತು.

ಅದಕ್ಕೇ ಅವ್ವ ಜೊತೆಗೆ ಹೋಗುತ್ತಿದ್ದಳು. ಹಿಂದೆ ಮೋಟರ್ ಹಿಡಿದು ಅಪ್ಪ, ನಡುವೆ ಹಿತ್ತಾಳೆ ಚೊಂಬು ಹಿಡಿದು ಅವ್ವ. ಒಳಗೆ ಬಂದ ನೀರನ್ನು ಮೊಗೆದು ಚೆಲ್ಲುವುದು ಅವಳ ಕೆಲಸ.

ದಡದಲ್ಲಿ ಕಾಯುತ್ತಿದ್ದ ನನಗೆ ಮೊದಲು ಕಾಣುತ್ತಿದ್ದದ್ದು ಬಿಸಿಲಿಗೆ ಹೊಳೆಯುವ ಆ ಚೊಂಬು...

ಅಪ್ಪ ಹೋದ ಮೇಲೆ ದೋಣಿ ಹಿತ್ತಲಲ್ಲಿ ಬಿದ್ದಿತ್ತು. ಈ ಬೇಸಿಗೆ ಅವ್ವ ಅದನ್ನೇ ನೋಡುತ್ತಾ ಕೂತವಳು, "ಒಮ್ಮೆ ಅದರಾಗ ಕುಂತು ಬರಬೇಕಲೇ, ಮಣಕಾಲು ಪೂರಾ ಹೋಗೋದ್ರಾಗ," ಎಂದಳು.

ಅವಳು ನನ್ನನ್ನು ಬೇರೇನಾದರೂ ಕೇಳಿದ್ದು ನೆನಪಿಲ್ಲ. ಅದಕ್ಕೇ ಬಾಷಾನನ್ನು ಕರೆಸಿದ್ದೆ.

ಡಾಂಬರು ಇದ್ದಲ್ಲಿ ಫೈಬರ್ ಅಂಟಿಸುವ ರೆಸಿನ್ ಕಚ್ಚುವುದಿಲ್ಲ. "ಇದು ಪೂರಾ ಹೋಗಲಿಲ್ಲಂದ್ರ ಬೋಟಿನ ಆಸೆ ಬಿಡ್ರಿ," ಎಂದ ಬಾಷಾ. ಉಳಿ, ಥಿನ್ನರ್, ಗ್ರೈಂಡರ್... ಅಪ್ಪನ ಬೇಸಿಗೆಗಳು ಪದರ ಪದರವಾಗಿ ಎದ್ದು ಬಂದವು.

ಡೆಕ್ಕಿನ ಕೆಳಗಿನ ಪ್ಲೈವುಡ್ ಚಹಾದಲ್ಲಿ ಅದ್ದಿದ ಬನ್ನಿನಂತಾಗಿತ್ತು. ಅದನ್ನೂ ಕಿತ್ತೆವು. ಹೊಸ ಹಲಗೆ, ಅದರ ಮೇಲೆ ಫೈಬರ್ ಮ್ಯಾಟ್, ರೆಸಿನ್, ಕೊನೆಗೆ ಬಿಳಿ ಬಣ್ಣ.

ಅವ್ವ ಬಂದು ಸುತ್ತ ನೋಡಿದಳು. "ಡಾಂಬರ್ ಇಲ್ದೆ ನೀರು ತಡೀತದೇನಪಾ?"

"ಒಂದು ಹನಿ ಒಳಗ ಬಂದ್ರ ನನ್ನ ಕೇಳ್ರಿ, ಅಮ್ಮಾ," ಎಂದ ಬಾಷಾ.

"ನಮ್ಮನಿಯವ್ರೂ ವರ್ಷಾ ವರ್ಷಾ ಹಂಗ ಅಂತಿದ್ರು."

ದೋಣಿಯನ್ನು ನೀರಿಗೆ ಇಳಿಸಿದ ಬೆಳಿಗ್ಗೆ ಅವ್ವ ಚೊಂಬು ತಂದಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬು.

ಬಾಷಾ ಮುಂದೆ, ಅವ್ವ ನಡುವೆ, ಮೋಟರ್ ಹಿಡಿದು ಹಿಂದೆ ನಾನು. ದೂರದಲ್ಲಿ ಸಂಡೂರಿನ ಗುಡ್ಡಗಳು. ಅವ್ವ ತನ್ನ ಕಾಲ ಬುಡ ನೋಡುತ್ತಾಳೆ. ಒಣ ಡೆಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಾಳೆ.

"ನೀರು ಬರವಲ್ದಲ್ಲೋ."

"ಇನ್ನ ಬರಂಗಿಲ್ಲವ್ವ."

"ಹಂಗಾರ ನಾ ಏನ್ ಮಾಡ್ಲಿ ಕುಂತು?"

ನಾನು ಮೋಟರ್ ನಿಧಾನ ಮಾಡಿದೆ.

ಅವಳು ಅಂಚಿಗೆ ಬಾಗಿ ಒಂದು ಚೊಂಬು ನೀರು ಮೊಗೆದು, ಹೊಸ ಬಿಳಿ ಡೆಕ್ಕಿನ ಮೇಲೆ ಸುರಿದಳು. ಇನ್ನೊಂದು. ಮತ್ತೊಂದು. ಕಾಲ ಬುಡದಲ್ಲಿ ನೀರು ನಿಂತಿತು.

"ಅಮ್ಮಾ, ನನ್ನ ಮಾನ ಕಳೀತೀರಿ," ಎಂದ ಬಾಷಾ.

ಅವ್ವ ಕೇಳಿಸಿಕೊಳ್ಳಲಿಲ್ಲ. ಆ ನೀರನ್ನು ನಿಧಾನವಾಗಿ ಮೊಗೆದು ಹೊರಗೆ ಚೆಲ್ಲತೊಡಗಿದಳು. ಹಿಂದಕ್ಕೆ ತಿರುಗಲಿಲ್ಲ. ಮೋಟರ್ ಹಿಡಿದವನು ಅಪ್ಪನಲ್ಲ ಎಂದು ನಾನೂ ನೆನಪಿಸಲಿಲ್ಲ.

ನೀವಾಗಿದ್ದರೆ ತಳದಲ್ಲಿ ಒಂದು ಸಣ್ಣ ತೂತು ಬಿಡುತ್ತಿದ್ದಿರಾ?