ಕತ್ತಲೆ ಸ್ಪಷ್ಟವಾಗಿ ಕಾಣಬೇಕು

ಬೀದಿಯಿಂದ ಏಳು ಮೆಟ್ಟಿಲು ಇಳಿದರೆ ಢಣ್ಣಪ್ಪನ ಅಂಗಡಿ. ಹೆತ್ತವರು ಇಟ್ಟ ಹೆಸರು ಬೇರೆ, ಅದು ಈಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ಸಂಜೆ ಆರರವರೆಗೆ ನೆಲದೊಳಗಿಂದ ಢಣ್ ಢಣ್ ಅಂತ ಸದ್ದು. ಬೀದಿಯವರು ಇನ್ನೇನು ತಾನೇ ಕರೆದಾರು? ಅವನು ತಗಡಿನ ಟ್ರಂಕು ಮಾಡುವವನು. ತಗಡು ಕತ್ತರಿಸಿ, ಅಂಚು ಮಡಿಸಿ, ರಿವೆಟ್ಟು ಹೊಡೆದು, ಮುಚ್ಚಳ ಕೂರಿಸಿ ಹಿಂದಕ್ಕೆ ತಳ್ಳಿದರೆ ಹಿಂದೆ ಕೂತ ಹೆಂಡತಿ ಅದಕ್ಕೆ ಬಣ್ಣ ಬಳಿದು ಮುಚ್ಚಳದ ಮೇಲೆ ಎರಡು ಹೂವು ಬರೆಯುತ್ತಾಳೆ. ಮೂವತ್ತೊಂದು ವರ್ಷದಿಂದ ಹೀಗೇ.

ಅಂಗಡಿಗೆ ಕಿಟಕಿಯಿಲ್ಲ. ಒಂದೇ ಒಂದು ಬಲ್ಬು. ಅದು ಉರೀತಿದೆಯೋ ಇಲ್ಲವೋ ಅಂತ ನೋಡುವುದಕ್ಕೇ ಇನ್ನೊಂದು ಬಲ್ಬು ಬೇಕು. ಆದರೆ ಇನ್ನೊಂದು ಹಾಕಿದರೆ ಇಡೀ ಕಟ್ಟಡದ ಫ್ಯೂಸು ಹಾರಿ, ಮೇಲಿನ ಸ್ಟೇಷನರಿ ಅಂಗಡಿಯವನು ಮೆಟ್ಟಿಲ ತುದಿಯಲ್ಲಿ ನಿಂತು ಇವನ ಏಳು ತಲೆಮಾರನ್ನು ಬೈಯುತ್ತಾನೆ. ಬ್ಯಾಟರಿ ದೀಪ ತಂದಿದ್ದೂ ಆಯಿತು. ಅದರ ಬೆಳಕು ಹೊಸ ತಗಡಿನ ಮೇಲೆ ಬಿದ್ದು ನೇರ ಕಣ್ಣಿಗೇ ಕುಕ್ಕಿತು. ಹೋಗಲಿ ಅಂತ ಕತ್ತಲಿಗೇ ಒಗ್ಗಿಕೊಂಡ. ಕೈಗೆ ಅಭ್ಯಾಸವಿತ್ತು, ಕೆಲಸ ನಡೆಯಿತು.

ಈಚೆಗೆ ಕಣ್ಣು ಕೈಕೊಟ್ಟಿತ್ತು. ಹೊರಗೆ ಬಿಸಿಲಲ್ಲಿ ಇರುವೆಯ ಕಾಲೂ ಕಾಣುತ್ತಿತ್ತು, ಒಳಗೆ ಇಳಿದರೆ ತನ್ನ ಹೆಬ್ಬೆರಳೇ ಕಾಣುತ್ತಿರಲಿಲ್ಲ. ಅದರ ಮೇಲೆ ಬಿದ್ದ ಸುತ್ತಿಗೆ ಏಟಿಗೆ ಲೆಕ್ಕವಿಲ್ಲ. ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಬೆಳಕಿರೋ ಜಾಗಕ್ಕೆ ಹೋಗಿ. ಇಲ್ಲಾ, ಸುತ್ತಿಗೆ ಕೆಳಗಿಡಿ." ಸುತ್ತಿಗೆ ಕೆಳಗಿಟ್ಟರೆ ಇವನು ಯಾರು? ಢಣ್ ಅನ್ನದ ಢಣ್ಣಪ್ಪನನ್ನು ಬೀದಿಯವರು ಏನಂತ ಕರೆಯಬೇಕು? ಆ ಯೋಚನೆಗೇ ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಊರಿನ ಆಡಳಿತದವರು ಒಂದು ಪ್ರಕಟಣೆ ಹೊರಡಿಸಿದರು. ಬೆಳಕಿಲ್ಲದ ಮಳಿಗೆಗಳಲ್ಲಿ ಕೈಕೆಲಸ ಮಾಡುವವರಿಗೆ ಹೊಸ ಮಾರುಕಟ್ಟೆಯಲ್ಲಿ ದೊಡ್ಡ ದೊಡ್ಡ ಕಿಟಕಿಯ ಮಳಿಗೆ. ಅರ್ಜಿಯ ಜೊತೆಗೆ, ಈಗಿನ ಮಳಿಗೆಯಲ್ಲಿ ಕೆಲಸ ಮಾಡುತ್ತಿರುವ ಉತ್ತಮ ಗುಣಮಟ್ಟದ ವಿಡಿಯೋ ಕಳಿಸಬೇಕು. ಹೆಚ್ಚುವರಿ ದೀಪ ಹಚ್ಚಕೂಡದು. ಮೂರೇ ಅವಕಾಶ.

ಓದಿದಿರಲ್ಲ? ಕತ್ತಲಲ್ಲಿ ದೀಪ ಹಚ್ಚದೆ ಒಳ್ಳೆ ವಿಡಿಯೋ. ಇದನ್ನು ಬರೆದ ಪುಣ್ಯಾತ್ಮ ಯಾರೋ, ಅವನ ಕೈಗೆ ಕ್ಯಾಮೆರಾ ಕೊಟ್ಟು ನಮ್ಮ ಢಣ್ಣಪ್ಪನ ಅಂಗಡಿಗೆ ಇಳಿಸಬೇಕಿತ್ತು.

ವಿಡಿಯೋ ತೆಗೆಯುವ ಜವಾಬ್ದಾರಿಯನ್ನು ಢಣ್ಣಪ್ಪನ ಅಕ್ಕ ತಾನಾಗಿಯೇ ಮೈಮೇಲೆ ಹಾಕಿಕೊಂಡಳು. ಆಕೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ನಿವೃತ್ತಳಾದವಳು. ಮನೆಮಂದಿಗೆಲ್ಲ ಫೋನಕ್ಕ. ಫೋನು ಅನ್ನುವ ಹೆಸರಿರುವ ಯಾವ ವಸ್ತುವೂ ತನ್ನ ಇಲಾಖೆಗೆ ಸೇರಿದ್ದು ಅಂತಲೇ ಅವಳ ನಂಬಿಕೆ.

"ಸುಮ್ನೆ ನೀನು ಹೊಡೀತಾ ಇರು ಕಣೋ, ಉಳಿದಿದ್ದು ನನಗೆ ಬಿಡು," ಅಂದಳು. ತಮ್ಮ ಹೊಡೆದ, ಅಕ್ಕ ತೆಗೆದಳು. ಕಳಿಸಿದ್ದಾಯಿತು. ಮೂರನೇ ದಿನ ಉತ್ತರ ಬಂತು: "ವಿಡಿಯೋದಲ್ಲಿ ನಾಯ್ಸ್ ಹೆಚ್ಚಾಗಿದೆ. ನಾಯ್ಸ್ ಕಡಿಮೆ ಮಾಡಿ ಪುನಃ ಸಲ್ಲಿಸುವುದು."

"ನಾಯ್ಸ್ ಅಂದ್ರೆ ಏನಕ್ಕಾ?" ಅಂತ ಢಣ್ಣಪ್ಪ ಕೇಳಿದ.

ಫೋನಕ್ಕ ಕನ್ನಡಕ ತೆಗೆದು ತಮ್ಮನನ್ನು ಒಂದು ಥರಾ ನೋಡಿದಳು. "ಮೂವತ್ತು ವರ್ಷ ನಾನು ತಿಂದಿದ್ದೇ ನಾಯ್ಸ್ ಕಣೋ. ಲೈನಲ್ಲಿ ಗೊರಗೊರ ಅನ್ನುತ್ತಲ್ಲ, ಅದು. ಸದ್ದು! ನೀನು ಹಿಂಗೆ ಢಣ್ ಢಣ್ ಅಂತ ಬಡಿದ್ರೆ ಪಾಪ ಆಫೀಸಿನವರ ಕಿವಿ ಏನಾಗ್ಬೇಕು?"

ಅಲ್ಲಿಗೆ ತೀರ್ಮಾನವಾಯಿತು. ಮಾರನೇ ದಿನ ಮಧ್ಯಾಹ್ನ ಇಡೀ ಕಟ್ಟಡ ಬಾಯಿಗೆ ಬೀಗ ಹಾಕಿಕೊಂಡಿತು. ಸ್ಟೇಷನರಿಯವನು, ಬೈಗುಳದ ಬಾಯಾದರೂ ಮನುಷ್ಯ ಒಳ್ಳೆಯವನು, ಅರ್ಧ ಗಂಟೆ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ ಮಾಡಿದ. ಪೆನ್ಸಿಲ್ ಕೇಳಿದವರಿಗೆ ಗೋಂದು ಹೋಯಿತು. ಢಣ್ಣಪ್ಪನ ಹೆಂಡತಿಗೆ ಕೆಮ್ಮಿತ್ತು, ಸೆರಗು ಬಾಯಿಗಿಟ್ಟುಕೊಳ್ಳಲು ಆಜ್ಞೆಯಾಯಿತು.

ಸುತ್ತಿಗೆಗೆ ಬಟ್ಟೆ ಸುತ್ತಿ ನೋಡಿದರು. ಆದರೂ ದುಪ್ ದುಪ್ ಅಂತು. ಫೋನಕ್ಕ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದಳು: "ತಾಗಿಸ್ಲೇಬೇಡ. ಒಂದು ಬೆರಳು ಮೇಲೆ ನಿಲ್ಲಿಸು."

ಹೇಳೋದಕ್ಕೆ ಸುಲಭ. ಮೂವತ್ತೊಂದು ವರ್ಷ ತಗಡಿಗೆ ಬಡಿದ ಕೈಯನ್ನು ಗಾಳಿಯಲ್ಲಿ ಒಂದು ಬೆರಳು ಮೇಲೆ ತಡೆಯೋದು ಅಂದರೆ ಓಡುವ ಎತ್ತನ್ನು ಬಾಲ ಹಿಡಿದು ನಿಲ್ಲಿಸಿದ ಹಾಗೆ. ಭುಜದ ಕೀಲು ಕಳಚಿಕೊಳ್ಳುವಂತಾಯಿತು. ಆದರೂ ಢಣ್ಣಪ್ಪ ಬೆವರಿಳಿಸಿಕೊಂಡು ಹತ್ತು ನಿಮಿಷ ಗಾಳಿ ಬಡಿದ. ಎಲ್ಲ ಮುಗಿದ ಮೇಲೆ ಹೆಂಡತಿ ಸೆರಗಿನೊಳಗೇ ನಕ್ಕಳು, ಕೆಮ್ಮೂ ಬಂತು, ಎರಡೂ ಸೇರಿ ಅವಳಿಗೆ ನೀರು ಕುಡಿಸಬೇಕಾಯಿತು.

ಉತ್ತರ ಬಂತು: "ಅರ್ಜಿದಾರರು ಕೆಲಸ ಮಾಡುತ್ತಿರುವುದು ಕಂಡುಬರುವುದಿಲ್ಲ. ನಾಯ್ಸ್ ಹಾಗೆಯೇ ಇದೆ."

ಫೋನಕ್ಕನಿಗೆ ರೇಗಿಹೋಯಿತು. ಆಫೀಸಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಏನಪ್ಪಾ, ಸೂಜಿ ಬಿದ್ರೂ ಕೇಳ್ಬೇಕು, ಅಷ್ಟು ಮೌನ ಇದೆ ಅದರಲ್ಲಿ! ಯಾವ ನಾಯ್ಸು?"

"ಸದ್ದಲ್ಲಮ್ಮಾ," ಅಂತು ಆ ಕಡೆಯ ಗುಮಾಸ್ತನ ದನಿ. "ಚಿತ್ರ ಪೂರ್ತಿ ಕಾಳು ಕಾಳು. ಏನೂ ಕಾಣ್ತಾ ಇಲ್ಲ."

"ಏನೂ ಕಾಣ್ತಿಲ್ಲ ಅಂದ್ರೆ ಅದೇ ಅಲ್ವೇನಪ್ಪಾ ಕತ್ತಲೆ? ಕತ್ತಲೆ ಇದೆ ಅಂತಾನೇ ತಾನೇ ನಾವು ಅರ್ಜಿ ಹಾಕಿರೋದು?"

"ಹಾಗಲ್ಲಮ್ಮಾ. ಕತ್ತಲೆ ಇದ್ರೆ ಸಾಲದು. ಕತ್ತಲೆ ಸ್ಪಷ್ಟವಾಗಿ ಕಾಣಬೇಕು."

ಫೋನು ಇಟ್ಟ ಮೇಲೆ ಮೂವರೂ ತಲೆ ಎತ್ತಿ ಬಲ್ಬಿನ ಕಡೆ ನೋಡಿದರು. ಉಳಿದಿದ್ದು ಒಂದೇ ಅವಕಾಶ.

ಆಗ ನೆನಪಾದವರು ವಿಡಿಯೋದವರು. ಮದುವೆ, ನಾಮಕರಣಗಳ ವಿಡಿಯೋ ತೆಗೆಯುವವರು, ಕ್ಯಾಮೆರಾ ಇಡುವುದಕ್ಕೆ ಒಂದು ಟ್ರಂಕು ಮಾಡಲು ಹೇಳಿಹೋಗಿದ್ದರು. ಟ್ರಂಕು ಒಯ್ಯಲು ಬಂದವರನ್ನು ಢಣ್ಣಪ್ಪ ಕೈಮುಗಿದು ಕೂರಿಸಿಕೊಂಡ. ಅವರು ಅಕ್ಕನ ವಿಡಿಯೋ ನೋಡಿ, ನಗು ತಡೆದು, ಸಮಾಧಾನವಾಗಿ ಬಿಡಿಸಿ ಹೇಳಿದರು. ಬೆಳಕು ಸಾಲದಿದ್ದಾಗ ಕ್ಯಾಮೆರಾ ಇಲ್ಲದ್ದನ್ನೂ ಕಾಣಬೇಕು ಅಂತ ತಿಣುಕುತ್ತೆ, ತಿಣುಕಿದಾಗ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಏಳುತ್ತೆ, ಅದಕ್ಕೇ ನಾಯ್ಸ್ ಅನ್ನೋದು. ತಿಣುಕಲು ಬಿಡಬಾರದು. ಲೆನ್ಸು ಪೂರ್ತಿ ತೆರೀಬೇಕು, ಕ್ಯಾಮೆರಾ ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು, ಸಿಕ್ಕ ಬೆಳಕನ್ನು ಒಂದು ಪಕ್ಕದಿಂದ ಬರಮಾಡಿಕೊಳ್ಳಬೇಕು.

"ಕತ್ತಲೆ ಕತ್ತಲೆ ಥರಾನೇ ಇರುತ್ತೆ ಢಣ್ಣಪ್ಪನವರೇ, ಆದ್ರೆ ನೀವು ಕಾಣ್ತೀರಿ," ಅಂದರು.

"ಬೆಳಕೇ ಇಲ್ವಲ್ಲ ಸಾರ್, ಎಲ್ಲಿಂದ ಬರಮಾಡಿಕೊಳ್ಳೋದು?"

ವಿಡಿಯೋದವರು ಗೋಡೆಗೆ ಒರಗಿಸಿದ್ದ ಹೊಸ ತಗಡುಗಳನ್ನು ತೋರಿಸಿದರು. ಹತ್ತು ಗಂಟೆಯಿಂದ ಹನ್ನೊಂದೂವರೆ ತನಕ ಬೀದಿಯ ಈ ಬದಿಗೆ ಬಿಸಿಲು ಬೀಳುತ್ತದೆ. ಮೆಟ್ಟಿಲ ತುದಿಯಲ್ಲಿ ಒಂದು ತಗಡು ಓರೆಯಾಗಿ ಹಿಡಿದರೆ ಬಿಸಿಲು ಪುಟಿದು ಒಳಗೆ ಇಳಿಯುತ್ತದೆ. ಕೆಳಗೆ ಒಂದು ಬಿಳಿ ಬಟ್ಟೆ ಕಟ್ಟಿದರೆ ಆ ಬೆಳಕು ಮೆತ್ತಗಾಗಿ ಹರಡುತ್ತದೆ, ಕಣ್ಣು ಕುಕ್ಕುವುದಿಲ್ಲ. ದೀಪ ಹಚ್ಚಿದ ಹಾಗೂ ಆಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ. ಮೂವತ್ತೊಂದು ವರ್ಷ ತಗಡಿನ ರಾಶಿಯಲ್ಲೇ ಕೂತು ಬೆಳಕಿಲ್ಲ ಅಂತ ಒದ್ದಾಡಿದ್ದಾನೆ ಮಹಾರಾಯ!

ಮಾರನೇ ದಿನ ಹತ್ತಕ್ಕೆ ಸ್ಟೇಷನರಿಯವನು ಮೇಲೆ ತಗಡು ಹಿಡಿದ. ಬೆಳಕು ಏಳು ಮೆಟ್ಟಿಲು ಇಳಿದು ಒಳಗೆ ಬಂತು. ಢಣ್ಣಪ್ಪ ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಹೆಬ್ಬೆರಳು ಕಂಡಿತು. ಸುತ್ತಿಗೆಯ ಹಿಡಿಯಲ್ಲಿ ಬಿರುಕಿರುವುದು ಕಂಡಿತು. ಅವನಿಗೆ ಆದ ಖುಷಿ ಹೇಳತೀರದು.

"ಇನ್ನೊಂದು ಹಿಡೀರಿ!" ಅಂತ ಕೂಗಿದ.

"ಒಂದು ಸಾಕು ಢಣ್ಣಪ್ಪನವರೇ," ಅಂದರು ವಿಡಿಯೋದವರು.

ಅವನೆಲ್ಲಿ ಕೇಳುತ್ತಾನೆ? ಹಸಿದವನ ಮುಂದೆ ಎಲೆ ಹಾಕಿ ಒಂದೇ ತುತ್ತು ಸಾಕು ಅಂದರೆ ಆದೀತೇ? ಎರಡಾಯಿತು, ನಾಲ್ಕಾಯಿತು. ದಾರಿಯಲ್ಲಿ ಹೋಗುವವರನ್ನೆಲ್ಲ ಫೋನಕ್ಕ ತಡೆದು ಕೈಗೆ ಒಂದೊಂದು ತಗಡು ಕೊಟ್ಟಳು. ಹನ್ನೊಂದು ತಗಡು. ಅಂಗಡಿ ಜಗಜಗ ಅಂತು. ಮೂಲೆಯ ಜೇಡ ಗಾಬರಿಯಾಗಿ ಜಾಗ ಖಾಲಿ ಮಾಡಿತು. ವಿಡಿಯೋದವರು ಹಣೆ ಚಚ್ಚಿಕೊಂಡು, ಮೂರು ಸಲ ಬೇಡ ಅಂದು, ಕೊನೆಗೆ ಬಿಸಿಲು ಸರಿದುಹೋದೀತು ಅಂತ ಕ್ಯಾಮೆರಾ ಶುರು ಮಾಡಿದರು. ಢಣ್ಣಪ್ಪ ಮೈಮರೆತು ಬಡಿದ. ಅಷ್ಟು ಸೊಗಸಾದ ಢಣ್ ಆ ಬೀದಿ ಕೇಳಿರಲಿಲ್ಲ.

ಕಳಿಸಿದ ನಾಲ್ಕನೇ ದಿನ ಉತ್ತರ: "ವಿಡಿಯೋ ಗುಣಮಟ್ಟ ಅತ್ಯುತ್ತಮವಾಗಿದೆ. ಮಳಿಗೆಯಲ್ಲಿ ಸಾಕಷ್ಟು ಬೆಳಕು ಇರುವುದು ಸ್ಪಷ್ಟವಾಗಿ ಕಂಡುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನಕ್ಕ ಆಫೀಸಿಗೆ ಫೋನು ಹಚ್ಚಿ ಎಕ್ಸ್‌ಚೇಂಜಿನಲ್ಲಿ ಕಲಿತ ಅಷ್ಟೂ ಮಾತು ಬಳಸಿದಳು, ಆ ಕಡೆಯವರು ಲೈನಲ್ಲಿ ನಾಯ್ಸ್ ಅಂತ ಹೇಳಿ ಇಟ್ಟುಬಿಟ್ಟರು. ಢಣ್ಣಪ್ಪ ಯಾರನ್ನೂ ಬೈಯಲಿಲ್ಲ. ತಪ್ಪು ತನ್ನದೇ, ಒಂದು ತಗಡು ಸಾಕಿತ್ತು. ಅತ್ಯುತ್ತಮ ಅಂದಿದ್ದಾರಲ್ಲ, ಅದಾದರೂ ಹೇಗಿದೆ ನೋಡೋಣ ಅಂತ ಮನೆಯ ಟಿವಿಗೆ ಹಾಕಿಸಿಕೊಂಡು ಒಬ್ಬನೇ ಕೂತ.

ಮೊದಲು ತನ್ನನ್ನೇ ನೋಡಿಕೊಂಡ. ಆಮೇಲೆ ಬೆನ್ನ ಹಿಂದೆ ಕಣ್ಣು ಹೋಯಿತು. ಅಲ್ಲಿ ಹೆಂಡತಿ ಕೂತಿದ್ದಳು. ಮೂವತ್ತೊಂದು ವರ್ಷ ಅವಳು ಕೂತ ಮೂಲೆ ಯಾರಿಗೂ ಕಂಡಿದ್ದಿಲ್ಲ, ಈಗ ಕಾಣುತ್ತದೆ ಅಂತ ಅವಳಿಗೂ ಹೊಳೆದಂತಿಲ್ಲ. ಅವಳ ಕೈಯಲ್ಲಿ ಬಣ್ಣದ ಬ್ರಷ್ಷು ಇರಲಿಲ್ಲ, ಸುತ್ತಿಗೆಯಿತ್ತು. ಇವನು ಹಿಂದಕ್ಕೆ ತಳ್ಳಿದ ಟ್ರಂಕನ್ನು ತೊಡೆಯ ಮೇಲೆಳೆದುಕೊಂಡು, ಸೊಟ್ಟಗಾದ ಅಂಚನ್ನು ಬೆರಳಲ್ಲಿ ಸವರಿ, ಇವನ ಸುತ್ತಿಗೆ ಮೇಲೇಳುವುದನ್ನೇ ನೋಡುತ್ತಿದ್ದಳು. ಇವನದು ಎದ್ದಾಗ ಅವಳದೂ ಏಳುತ್ತಿತ್ತು. ಇವನದು ಬಿದ್ದ ಕ್ಷಣಕ್ಕೇ ಅವಳದೂ ಆ ಸೊಟ್ಟ ಅಂಚಿನ ಮೇಲೆ ಬೀಳುತ್ತಿತ್ತು. ಎರಡು ಸುತ್ತಿಗೆ, ಒಂದೇ ಢಣ್.

ಅವನು ಮೂರು ಸಲ ಹಿಂದೆ ಓಡಿಸಿ ನೋಡಿದ.

"ಲೇ ಇವಳೇ," ಅಂತ ಕರೆದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವಳು ಟಿವಿ ನೋಡಿ ಬಾಗಿಲಲ್ಲೇ ನಿಂತಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ನನಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಸುತ್ತಿಗೆ ಕೆಳಗಿಡ್ತಿದ್ರಿ," ಅಂದಳು ಅವಳು. "ಆಮೇಲೆ ನಿಮ್ಮನ್ನ ಮನೇಲಿ ಕೂರಿಸ್ಕೊಂಡು ನಾನೇನ್ ಮಾಡ್ಲಿ?"

ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷ ತನ್ನ ಕೈಯ ತಾಳ ಕಾಯುತ್ತಾ ಕೂತವಳ ಮೇಲೆ ಪ್ರೀತಿ ಉಕ್ಕಿತು. ಎದ್ದು ಟಿವಿ ಆರಿಸಿದ.

ಮಾರನೇ ದಿನ ಹತ್ತು ಗಂಟೆಗೆ ಢಣ್ಣಪ್ಪ ಒಂದು ತಗಡು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಬಿಸಿಲು ಸರಿಯುತ್ತಲೇ ಇರುತ್ತದೆ, ತಗಡನ್ನೂ ಸರಿಸುತ್ತಲೇ ಇರಬೇಕು. ಒಬ್ಬರು ಹಿಡಿದರೆ ಇನ್ನೊಬ್ಬರೇ ಕೆಲಸ ಮಾಡಬೇಕು. ಸುತ್ತಿಗೆ ಅವಳ ಕೈಗೆ ಕೊಟ್ಟು ಬಂದಿದ್ದ.

"ಏನ್ರೀ ಇದು, ಇನ್ನೂ ವಿಡಿಯೋ ಮುಗಿದಿಲ್ವಾ?" ಅಂತ ಸ್ಟೇಷನರಿಯವನು ಕೇಳಿದ.

"ವಿಡಿಯೋ ಅಲ್ಲ. ಕೆಲಸ."

ಕೆಳಗಿನಿಂದ ಢಣ್ ಅಂತು. ಇನ್ನೊಂದು ಸಲ ಢಣ್ ಅಂತು, ಒಂದೇ ಸುತ್ತಿಗೆಯದು. ಬೀದಿಯಲ್ಲಿ ಹೋಗುತ್ತಿದ್ದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವನು ಕಣ್ಣು ಒರೆಸಿಕೊಳ್ಳೋಣ ಅಂತ ಒಂದು ಕೈ ಬಿಟ್ಟ, ತಗಡು ವಾಲಿತು.

"ರೀ, ಎಲ್ಲಿ ನೋಡ್ತಿದ್ದೀರಾ? ಕತ್ತಲಾಯ್ತು! ಸ್ವಲ್ಪ ಎಡಕ್ಕೆ!" ಅಂತ ಕೆಳಗಿನಿಂದ ಕೂಗಿದಳು.

"ಹೂಂ, ಹೂಂ, ಹಿಡಿದೆ," ಅಂತ ಢಣ್ಣಪ್ಪ ಎರಡೂ ಕೈಯಲ್ಲಿ ತಗಡನ್ನು ಎಡಕ್ಕೆ ತಿರುಗಿಸಿದ.