ಈಶ್ವರಿಯ ಮಗುವಿಗೆ ಇಟ್ಟ ಹೆಸರುಗಳು

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ. ತಮಿಳುನಾಡಿನ ಕಂಬಂ ಕಣಿವೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಹೆಡ್ ನರ್ಸ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ನನ್ನ ಊರು ಕೊಂಬೈ, ಮನೆಮಾತು ಕನ್ನಡ. ನಮ್ಮವರಲ್ಲಿ ಕನ್ನಡ ಬರೆಯಬಲ್ಲವರು ಅಪರೂಪ. ಮೈಸೂರಿನಲ್ಲಿ ನರ್ಸಿಂಗ್ ಓದಿದ್ದರಿಂದ ನನಗೆ ಅದು ಒಲಿಯಿತು.

ಮಾರ್ಕಯನ್‌ಕೋಟ್ಟೈಯ ಈಶ್ವರಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಮಗು, ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಅಷ್ಟು ಬೇಗ ಹುಟ್ಟಿದ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ದ್ರವ ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರಿಗೂ ಶ್ವಾಸಕೋಶ ಮುದುಡಿಕೊಳ್ಳುತ್ತದೆ. ನಾವು ಅದನ್ನೇ ಔಷಧವಾಗಿ ಕೊಟ್ಟು, ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರಕ್ಕೆ ಮಗುವನ್ನು ಜೋಡಿಸಿದೆವು.

ಘಟಕದಲ್ಲಿ ಮಕ್ಕಳಿಗೆ ಹೆಸರಿರುವುದಿಲ್ಲ. ಕಾಲಿನ ಪಟ್ಟಿಯ ಮೇಲೆ 'ಈಶ್ವರಿಯ ಮಗು' ಎಂದು ಬರೆದಿದ್ದೆವು. ಮರುದಿನ ಈಶ್ವರಿಯ ಗಂಡ ಸುರುಳಿವೇಲು ಬಂದ. ಒಡ್ಡನ್‌ಛತ್ರಂ ಮಾರುಕಟ್ಟೆಗೆ ತರಕಾರಿ ಲಾರಿ ಓಡಿಸುವವನು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು ಬಂದಿದ್ದ ಚೀಟಿ ಕೊಟ್ಟು, "ಸಿಸ್ಟರ್, ಈ ಹೆಸ್ರು ಪೆಟ್ಟಿಗೆ ಮೇಲೆ ಒಟ್ಟಿ" ಎಂದ. ನಿತ್ಯಾಂಶಿ. ಅಪರೂಪದ ಹೆಸರು. ಅಂಟಿಸಿದರೆ ಯಾರಿಗೂ ನಷ್ಟವಿಲ್ಲವೆಂದು ಇನ್‌ಕ್ಯುಬೇಟರಿಗೆ ಅಂಟಿಸಿದೆ.

ಎರಡು ದಿನ ಬಿಟ್ಟು ಇನ್ನೊಂದು ಚೀಟಿ ತಂದ. ಅದೇ ಹೆಸರು, ಒಂದು ಎಚ್ ಹೆಚ್ಚಿಗೆ. ಅದರ ಮರುದಿನ ಕೊನೆಯ ಐ ಹೋಗಿ ಎರಡು ಇ ಬಂದವು. ಏಕೆಂದು ಕೇಳಿದರೆ, "ಥೇನಿಯಲ್ಲಿ ಎಣಿಸಿ ಹೇಳ್ತಾರೆ" ಎಂದಷ್ಟೇ ಹೇಳಿ ಹೊರಟುಹೋದ.

ಕಾರಣ ತಿಳಿದದ್ದು ಈಶ್ವರಿಯಿಂದ. ಎದೆಹಾಲು ಹಿಂಡಿಕೊಡಲು ಬಂದವಳು, ನಾನೂ ಕನ್ನಡ ಮನೆಮಾತಿನವಳೆಂದು ತಿಳಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು. ಥೇನಿಯ ಸಂಖ್ಯಾಶಾಸ್ತ್ರಿಯೊಬ್ಬ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿ ಹೆಸರು ತಿದ್ದಿಕೊಡುತ್ತಿದ್ದನಂತೆ. ಅವಳ ಮೊದಲ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ತೀರಿಕೊಂಡಿದ್ದಳು. ಯಾಳಿನಿ ಎಂಬ ಹೆಸರನ್ನು ಆರಿಸಿದ್ದವಳು ಈಶ್ವರಿಯೇ. ತಮಿಳಿನ ಆ ಳಕಾರವನ್ನು ಇಂಗ್ಲಿಷಿನಲ್ಲಿ ಝಡ್, ಎಚ್ ಸೇರಿಸಿ ಬರೆಯುತ್ತಾರೆ.

"ಅದ್ರಲ್ಲಿ ಝಡ್ ಇಕ್ಕಿದ್ದು ತಪ್ಪಂತೆ ಅಕ್ಕಾ. ಆ ಎಳುತ್ತೇ ಕೂಸ್ನ ತಿಂದುಬುಡ್ತಂತೆ. ನಾನೇ ಇಕ್ಕಿದ್ದು." ಎಳುತ್ತು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಅಕ್ಷರ.

"ಎಳುತ್ತು ಯಾರನ್ನೂ ತಿನ್ನಲ್ಲ ತಾಯಿ. ಕೂಸಿಗೆ ಏನಾಗಿತ್ತು?"

"ಸಳಿ, ಜ್ವರ. ನ್ಯುಮೋನಿಯಾ ಅಂದ್ರು."

ನಮ್ಮ ವೈದ್ಯೆಯನ್ನು ಕರೆತಂದೆ. ಅವರು ಅವಳ ಪಕ್ಕದಲ್ಲೇ ಕುಳಿತು, ನ್ಯುಮೋನಿಯಾ ಎಂದರೇನು, ಕೂಸುಗಳಿಗೆ ಅದು ಎಷ್ಟು ಬೇಗ ಏರುತ್ತದೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಈಶ್ವರಿ ಗಮನವಿಟ್ಟು ಕೇಳಿದಳು. ಅವರು ಹೋದ ಮೇಲೆ ನನ್ನ ಕೈ ಹಿಡಿದು, "ಈ ಹೆಸ್ರಲ್ಲಿ ಆ ಎಳುತ್ತು ಇಲ್ಲಾ ಅಲ್ವಾ ಅಕ್ಕಾ?" ಎಂದು ಕೇಳಿದಳು.

ಮುಂದೆ ಕೆಲವು ದಿನ ಮಗು ಚೇತರಿಸಿಕೊಂಡಿತು. ಗಾಳಿಯ ಒತ್ತಡ ಇಳಿಸಿದೆವು. ನಳಿಗೆಯಲ್ಲಿ ಕೊಟ್ಟ ಹಾಲು ಜೀರ್ಣವಾಗತೊಡಗಿತು. ಎರಡು ಇ ಫಲಿಸಿದವೆಂದು ಸುರುಳಿವೇಲು ಎಲ್ಲರಿಗೂ ಮಿಠಾಯಿ ಹಂಚಿದ. ಈಶ್ವರಿ ನಕ್ಕಿದ್ದನ್ನು ನಾನು ಕಂಡದ್ದು ಅಂದೊಂದೇ ದಿನ.

ಆಮೇಲೆ ರಕ್ತಕ್ಕೆ ಸೋಂಕು ತಗುಲಿತು. ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಅಷ್ಟು ಚಿಕ್ಕ ದೇಹಕ್ಕೆ ಅದರೊಡನೆ ಹೋರಾಡುವ ಬಲವಿರುವುದಿಲ್ಲ. ಆಂಟಿಬಯಾಟಿಕ್ ಬದಲಿಸಿದೆವು, ವೆಂಟಿಲೇಟರ್ ಹಾಕಿದೆವು. ಸುರುಳಿವೇಲು ಮಗುವಿನ ಬಳಿ ನಿಲ್ಲಲಿಲ್ಲ. ಥೇನಿಯ ಬಸ್ಸು ಹತ್ತಿದ.

ಮಧ್ಯಾಹ್ನ ಮಗು ತೀರಿಕೊಂಡಿತು. ಈಶ್ವರಿಯ ಬೆರಳು ಅದರ ಅಂಗೈಯಲ್ಲಿತ್ತು. ನಾನು ಯಂತ್ರ ನಿಲ್ಲಿಸಿ, ನಳಿಗೆಗಳನ್ನು ತೆಗೆದು, ಮಗುವನ್ನು ಒರೆಸಿ ಅವಳ ಮಡಿಲಿಗೆ ಕೊಟ್ಟೆ. ಮಗುವನ್ನು ಅವಳು ಮೈಗೆ ಒತ್ತಿ ಹಿಡಿದದ್ದು ಅದೇ ಮೊದಲು.

ಸಂಜೆ ಹೊತ್ತಿಗೆ ಅವನು ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಹೊಸ ಚೀಟಿ. "ಈಗ ಸರಿಯಾಗಿ ಅದೆ ಸಿಸ್ಟರ್, ಇದನ್ನ ಒಟ್ಟಿ" ಎಂದ. ನಾನು ವಿಷಯ ಹೇಳಿದೆ. ಅವನು ಚೀಟಿಯನ್ನೇ ನೋಡುತ್ತ ಗೋಡೆಗೊರಗಿ ಕುಳಿತ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ತನಗೆ ತಿಳಿದದ್ದನ್ನೆಲ್ಲ ಮಾಡಿದ್ದ. ಆದರೆ ಅವನು ತಲೆಯೆತ್ತಿ ಹೆಂಡತಿಗೆ ಹೇಳಿದ: "ಮೊದ್ಲನೇದಕ್ಕೆ ನೀ ಇಕ್ಕಿದ ಹೆಸ್ರೇ ಇದನ್ನೂ ಎಳ್ಕೊಂಡ್ತು."

ಜನನ ಮತ್ತು ಮರಣದ ವಿವರಗಳನ್ನು ನೋಂದಣಿಗೆ ಕಳುಹಿಸಬೇಕಿತ್ತು. ಹೆಸರು ಕಡ್ಡಾಯವಲ್ಲ, ತಂದೆತಾಯಿ ಬಯಸಿದರೆ ಸೇರಿಸಬಹುದು. ಈಶ್ವರಿಯನ್ನು ಬದಿಗೆ ಕರೆದು, "ನಿನಗೆ ಯಾವ ಹೆಸರು ಇಷ್ಟವೋ ಹೇಳು, ಅದನ್ನೇ ಬರೆಸ್ತೀನಿ" ಎಂದೆ.

ಅವಳು ತಲೆಯಲ್ಲಾಡಿಸಿದಳು. "ಹೆಸ್ರೇ ಬ್ಯಾಡಕ್ಕಾ. ಇಕ್ಕಿದ್ರೆ ಅದ್ರಲ್ಲೂ ನನ್ ತಪ್ಪು ಹುಡುಕ್ತಾರೆ."

ಹೆಸರಿಲ್ಲದೆಯೇ ಕಳುಹಿಸಿದೆವು.

ಸಾವಿಗೆ ಕಾರಣವನ್ನು ತಿಳಿಯಾಗಿ ಹೇಳಿದರೆ ತಾಯಂದಿರ ಹೊರೆ ಇಳಿಯುತ್ತದೆ ಎಂದು ವೃತ್ತಿಯುದ್ದಕ್ಕೂ ನಂಬಿದ್ದೆ. ಈಶ್ವರಿಗೆ ಕಾರಣ ತಿಳಿದಿತ್ತು, ಅರ್ಥವೂ ಆಗಿತ್ತು. ಹೊರೆ ಮಾತ್ರ ಕದಲಲಿಲ್ಲ. ಆ ಬಳಿಕ ಮಗು ಕಳೆದುಕೊಂಡ ಪ್ರತಿ ತಾಯಿಗೂ ವೈದ್ಯರ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ: ಮನೆಯಲ್ಲಿ ಯಾರ ತಪ್ಪು ಅಂತಿದ್ದಾರೆ? ನಿವೃತ್ತಿಯಾಗುವವರೆಗೂ ಕೇಳಿದೆ. ಹೆಚ್ಚಿನವರು ಯೋಚಿಸಲೂ ಇಲ್ಲ. "ನಂದೇ" ಎಂದರು.