ವರಾಂಡದಲ್ಲಿ ಊಟಕ್ಕೆ ಕೂತ ಹುಡುಗಿ

ಮೊನ್ನೆ ಜಯನಗರದಿಂದ ತಂದ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣ ಬಿಚ್ಚಿದೆ. ಬೆಳ್ಳುಳ್ಳಿ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ಚಿಕ್ಕಲಸಂದ್ರದ ನಮ್ಮ ಪಕ್ಕದ ಮನೆಯ ಆಂಟಿ ನೆನಪಾದರು...

ಆಂಟಿ ತುಮಕೂರು ಕಡೆಯವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಹಸಿವು ಎಂದು ಗೇಟಿಗೆ ಬಂದವರ ಕೈಗೆ ದುಡ್ಡು ಕೊಡುತ್ತಿರಲಿಲ್ಲ. ವರಾಂಡದಲ್ಲಿ ಕೂರಿಸಿ, ಬಿಸಿ ಅನ್ನಕ್ಕೆ ಇದೇ ಹುಚ್ಚೆಳ್ಳು ಪುಡಿ ಹಾಕಿ ಬಡಿಸುತ್ತಿದ್ದರು. ತವರಿನಿಂದ ತಂದ ದಾಸೋಹದ ರೂಢಿ ಅದು. ಕಥೆ ಕಟ್ಟಿಕೊಂಡು ಬಂದವರು ತಟ್ಟೆ ಕಂಡೊಡನೆ ಅರ್ಜೆಂಟು ಎಂದು ಜಾಗ ಖಾಲಿ ಮಾಡುತ್ತಿದ್ದರು. ನಾನೋ, ಯಾರಾದರೂ ಕಣ್ಣಲ್ಲಿ ನೀರು ತಂದರೆ ಸಾಕು, ಪರ್ಸ್ ತೆಗೆಯುವವಳು. "ಇಲ್ಲಿ ಕೇಳಿದ್ರೆ ಸಿಗತ್ತೆ ಅಂತ ನಿನ್ನ ಮುಖದ ಮೇಲೇ ಬರ್ದಿದೆ ಕಣೆ" ಎಂದು ಆಂಟಿ ಛೇಡಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದಾಗ ಒಬ್ಬ ಗಂಡಸು ಆರೇಳು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಗೇಟಿಗೆ ಬಂದ. "ಅಮ್ಮಾ, ಬಳ್ಳಾರಿಯಿಂದ ಕೆಲ್ಸಕ್ಕೆ ಬಂದ್ವಿ, ಮೇಸ್ತ್ರಿ ಕೈ ಕೊಟ್ಟ. ಮಗು ಊಟ ಮಾಡಿಲ್ಲ. ಬಸ್ ಚಾರ್ಜ್ ಕೊಡಿ, ಚಿಲ್ರೆ ಇಲ್ಲಾಂದ್ರೆ ಫೋನಿಗೇ ಹಾಕಿ." ನನಗೆ ಅವನ ಗುರುತು ಸಿಕ್ಕಿತು. ಹಿಂದಿನ ವಾರ ಉತ್ತರಹಳ್ಳಿ ಬಸ್ ಸ್ಟಾಪಿನಲ್ಲಿ ಇದೇ ಆಸಾಮಿ ನನ್ನಿಂದ ದುಡ್ಡು ಇಸಿದುಕೊಂಡಿದ್ದ. ಆಗ ಅವನ ಊರು ರಾಯಚೂರು. ಜೊತೆಗಿದ್ದದ್ದು ಬೇರೆ ಮಗು.

ಆಂಟಿಯ ಕಿವಿಯಲ್ಲಿ ಪಿಸುಗುಟ್ಟಿದೆ. "ಸುಮ್ನಿರು" ಎಂದವರೇ ತಟ್ಟೆ ತಂದರು. "ಮೊದ್ಲು ಮಗು ಊಟ ಮಾಡ್ಲಪ್ಪ. ಆಮೇಲೆ ನಾನೇ ಬಂದು ಟಿಕೆಟ್ ತೆಗೆಸ್ಕೊಡ್ತೀನಿ." ಅವನು ಬೇಡವೆನ್ನುವಷ್ಟರಲ್ಲಿ ಹುಡುಗಿ ಕೂತೇಬಿಟ್ಟಿದ್ದಳು. ಅವನ ಕಥೆಯಲ್ಲಿ ಅದೊಂದೇ ನಿಜ, ಮಗು ಹಸಿದಿತ್ತು. ಆಂಟಿ ಮತ್ತೆ ಅನ್ನ ಹಾಕುತ್ತಾ ಮೆಲ್ಲಗೆ, "ಇವ್ರು ನಿಮ್ಮಪ್ಪನಾ ಪುಟ್ಟಾ?" ಎಂದರು. ಹುಡುಗಿ ಅವನನ್ನು ಓರೆಗಣ್ಣಿನಿಂದ ನೋಡಿ, ಇನ್ನೂ ಬೇಗ ಬೇಗ ತಿನ್ನತೊಡಗಿದಳು.

"ಏಯ್, ಏಳೇ" ಎಂದು ಅವನು ಒಳಗೆ ನುಗ್ಗಿದ. ಆಂಟಿ ಅಡ್ಡ ನಿಂತರು. ಅವನ ಭುಜದಷ್ಟೂ ಎತ್ತರವಿಲ್ಲದ ಹೆಂಗಸು. "ಊಟಕ್ಕೆ ಕೂತ ಮಗೂನ ಎಬ್ಬಿಸ್ಬೇಡ" ಎಂದವರು, ನನ್ನ ಕಡೆ ತಿರುಗದೆ, "ಪೊಲೀಸಿಗೆ ಫೋನ್ ಮಾಡು" ಎಂದರು. ನಾನು ಫೋನ್ ತೆಗೆದು ನಂಬರ್ ಒತ್ತಿದೆ. ಅವನು ಕೈ ಎತ್ತಿದ... ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಹುಡುಗಿಯನ್ನು ಅಲ್ಲೇ ಬಿಟ್ಟು ಓಡಿದ. ತಿರುವಿನಲ್ಲಿ ಬೈಕ್ ಸ್ಟಾರ್ಟ್ ಆದದ್ದು ಕೇಳಿಸಿತು. ಬಸ್ ಚಾರ್ಜಿಗೆ ಗತಿಯಿಲ್ಲದವನ ಬೈಕು.

ಸಂಜೆ ಪೊಲೀಸರು ಹುಡುಗಿಯನ್ನು ಕರೆದೊಯ್ದರು. ಅಪ್ಪ ಅಮ್ಮ ಯಾರೆಂದು ಅವಳು ಬಾಯಿ ಬಿಡಲೇ ಇಲ್ಲ. ಆಮೇಲೆ ಆಂಟಿ ಎಷ್ಟೋ ಸಲ ಹೋಗಿ ವಿಚಾರಿಸಿದರು. ಬೇರೆ ಊರಿನ ಬಾಲಮಂದಿರಕ್ಕೆ ಕಳಿಸಿದ್ದಾರೆ ಎಂಬುದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ. ನಾನು ಸಿಕ್ಕಾಗಲೆಲ್ಲ, "ಆ ಮಗು ಮನೆ ಸೇರಿದ್ಲೋ ಇಲ್ವೋ" ಎನ್ನುತ್ತಿದ್ದರು.

ಹೋದ ವರ್ಷ ಆಂಟಿ ಹಾಸಿಗೆ ಹಿಡಿದರು. ನೋಡಲು ಹೋದಾಗ ಮತ್ತೆ ಅದೇ ಮಾತು. ನನಗೆ ತಡೆಯಲಾಗಲಿಲ್ಲ. "ಸೇರಿದ್ಲಂತೆ ಆಂಟಿ. ಅಮ್ಮ ಸಿಕ್ಕಿದ್ರಂತೆ, ಸ್ಕೂಲಿಗೂ ಹೋಗ್ತಿದಾಳಂತೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾವೂರಂತೆ?"

ಊರು ಯಾವುದೆಂದು ನಾನು ಯೋಚಿಸಿಯೇ ಇರಲಿಲ್ಲ... ಆಂಟಿ ನನ್ನ ಕೈ ತಟ್ಟಿ, ಕಣ್ಣು ಮುಚ್ಚಿಕೊಂಡರು.

ಈಗ ಅವರಿಲ್ಲ. ಆ ಹುಡುಗಿಗಾಗಿ ಹಂಬಲಿಸುವವಳು ಬಹುಶಃ ನಾನೊಬ್ಬಳೇ. ನನಗೆ ಒಂದು ಸುಳ್ಳು ಹೇಳಿ ಸಮಾಧಾನ ಮಾಡುವವರು ಯಾರೂ ಇಲ್ಲ.